ಎಂಟು ಕಚ್ಚಿನ ಕಡ್ಡಿ

ಲಾರಿಯ ಡೀಸೆಲ್ ಟ್ಯಾಂಕು ಹರಿದದ್ದು ಗುಂಡ್ಲುಪೇಟೆಯಾಚೆಯ ಮದ್ದೂರು ಚೆಕ್‌ಪೋಸ್ಟ್ ದಾಟಿ ಎರಡನೇ ತಿರುವಿನಲ್ಲಿ. ಟೊಮೇಟೊ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಗಾಡಿ. ಎದುರಿಗೆ ಬಂದ ಬಸ್ಸಿಗೆ ದಾರಿ ಕೊಡಲು ಡ್ರೈವರ್ ಪಕ್ಕಕ್ಕೆ ಎಳೆದಾಗ, ಹುಲ್ಲಿನೊಳಗೆ ಹೂತಿದ್ದ ಒಂದು ಕಲ್ಲು ಟ್ಯಾಂಕಿನ ಹೊಟ್ಟೆ ಬಗೆದುಬಿಟ್ಟಿತು. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ಆಮೇಲೆ ಆದದ್ದೆಲ್ಲ ನೋಡಿದರೆ, ಅವತ್ತು ಒಂದಿಷ್ಟು ರಕ್ತ ಹೋಗಿ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಗುಂಡ್ಲುಪೇಟೆ ರಸ್ತೆಯಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ. ಡೈನಮೊ, ಸೆಲ್ಫ್ ಮೋಟಾರು, ಹಾರನ್ನು, ಮೀಟರು, ಇವು ನನ್ನ ಪಾಲಿನ ಕೆಲಸ. ಗಾಡಿ ಹರವೆಯ ಒಬ್ಬ ಯಜಮಾನರದು. ಹೊಲ, ತೋಟ, ಟ್ರ್ಯಾಕ್ಟರು ಎಲ್ಲ ಇದ್ದ ದೊಡ್ಡ ಮನೆ. ಹಣೆಗೆ ವಿಭೂತಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಡ್ರೈವರು ಅದೇ ಊರಿನ ಕೆಳಗಿನ ಬೀದಿಯವನು, ಹನ್ನೊಂದು ವರ್ಷದಿಂದ ಅವರ ಗಾಡಿಯನ್ನೇ ಓಡಿಸುತ್ತಿದ್ದ. ಕ್ಲೀನರು ಅವನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಪುಣಜನೂರಿನವನು. ಮೂವತ್ತರ ಆಸುಪಾಸಿನ ಆಸಾಮಿ. ಎರಡು ಮಾತು ಕೇಳಿದರೆ ಅರ್ಧ ಮಾತು ಆಡುತ್ತಿದ್ದ.

ಹೊಸ ಟ್ಯಾಂಕು ಬೇಕೆಂದರೆ ಮೈಸೂರಿಗೆ ಬರೆದು ಕಾಯಬೇಕು, ಹೊಲದಲ್ಲಿ ಹಣ್ಣಾಗುತ್ತಿರುವ ಟೊಮೇಟೊ ಕಾಯುವುದಿಲ್ಲ. ಯಜಮಾನರು ಗುಂಡ್ಲುಪೇಟೆಯ ಗುಜರಿಯಿಂದ ಒಂದು ಟ್ಯಾಂಕು ಹೊರಿಸಿಕೊಂಡು ಬಂದರು. ಹಳೆಯದು ಚೌಕದ ಡಬ್ಬ, ಇದು ಮಲಗಿಸಿದ ಪೀಪಾಯಿಯ ಹಾಗೆ ದುಂಡು. ಎತ್ತರ ಅಷ್ಟೇ, ಉದ್ದ ಅಷ್ಟೇ. ಚಾಸಿಗೆ ಕಟ್ಟುವ ಪಟ್ಟಿ ಮಾತ್ರ ಹೊಸದು ಮಾಡಿಸಿದರಾಯಿತು. "ನೂರರವತ್ತು ಲೀಟ್ರೇ ಹಿಡೀತದೆ, ಅದೇ ಅಳತೆ" ಎಂದು ಗುಜರಿಯವನು ಹೇಳಿದ್ದನಂತೆ. ಅವನೇನು ತುಂಬಿ ನೋಡಿದ್ದನೆ? ನಾವಾದರೂ ನೋಡಿದೆವೆ? ಪಟ್ಟಿ ಬಿಗಿದು, ಪೈಪು ಕೂರಿಸಿ, ಗಾಡಿ ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದರು.

"ಟ್ಯಾಂಕೇನೋ ಕೂತ್ಕತು ಮೇಸ್ತ್ರಿ, ಎಣ್ಣೆ ಮೀಟ್ರು ಸತ್ತೋಗದೆ," ಎಂದರು ಯಜಮಾನರು. "ನಂಗೆ ಮೀಟ್ರು ಓಡ್ಬೇಕು ಕಣ್ಲಾ. ಮೀಟ್ರಿಲ್ದಿರ ಗಾಡಿ ಮೂಗ್ ದನ ಇದ್ದಂಗೆ, ಎಷ್ಟ್ ತಿಂತು ಅಂತ ಯೇಳಕಿಲ್ಲ."

ಟ್ಯಾಂಕಿನ ನೆತ್ತಿಯಲ್ಲಿ ಐದು ಸ್ಕ್ರೂ ಬೀಳುವ ಒಂದು ತೂತಿರುತ್ತದೆ. ಅದರೊಳಕ್ಕೆ ಇಳಿಬಿಡುವ ಸಾಮಾನಿಗೆ ನಾವು ಟ್ಯಾಂಕ್ ಯೂನಿಟ್ ಅನ್ನುತ್ತೇವೆ. ಒಂದು ತಂತಿಯ ತೋಳು, ತೋಳಿನ ತುದಿಗೆ ಎಣ್ಣೆ ಮೇಲೆ ತೇಲುವ ಹಿತ್ತಾಳೆಯ ಫ್ಲೋಟು. ಎಣ್ಣೆ ಏರಿದರೆ ಫ್ಲೋಟು ಏರುತ್ತದೆ, ತೋಳು ತಿರುಗುತ್ತದೆ, ಒಳಗಿನ ಸುರುಳಿಯಲ್ಲಿ ಕರೆಂಟಿಗೆ ತಡೆ ಹೆಚ್ಚು ಕಡಿಮೆಯಾಗಿ ಡ್ಯಾಶ್‌ಬೋರ್ಡಿನ ಮುಳ್ಳು ಆಡುತ್ತದೆ. ಇಷ್ಟೇ. ಈ ಇಷ್ಟೇ ಅನ್ನುವುದು ನನ್ನನ್ನು ನಾಲ್ಕು ದಿನ ಅರೆಯಿತು.

ಹಳೆಯ ಯೂನಿಟ್ಟು ಕಲ್ಲಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ದುಂಡು ಟ್ಯಾಂಕಿನ ಜೊತೆ ಬಂದದ್ದನ್ನು ಜೋಡಿಸಿ ಸ್ವಿಚ್ ಒತ್ತಿದೆ, ಮುಳ್ಳು ಎದ್ದು ಫುಲ್‌ಗೆ ಹೋಯಿತು. ಟ್ಯಾಂಕು ಖಾಲಿ! ತೋಳನ್ನು ಕೈಯಲ್ಲಿ ಎತ್ತಿದರೆ ಮುಳ್ಳು ಕೆಳಗೆ ಮಲಗುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದಾಗ ಗೊತ್ತಾಯಿತು. ನಮ್ಮ ಗಾಡಿಯ ಮೀಟರಿಗೆ ಟ್ಯಾಂಕು ತುಂಬಿದಾಗ ತಡೆ ಕಡಿಮೆ ಇರಬೇಕು, ಈ ಯೂನಿಟ್ಟಿನಲ್ಲಿ ತುಂಬಿದಾಗ ತಡೆ ಹೆಚ್ಚು. ಬೇರೆ ಕಂಪನಿಯ ಗಾಡಿಯದು, ಎಲ್ಲ ತಿರುಗಾಮುರುಗಾ.

ಗುಂಡ್ಲುಪೇಟೆಯ ಗುಜರಿಗಳನ್ನೆಲ್ಲ ಒಂದು ದಿನ ಜಾಲಾಡಿದೆ. ಸಿಕ್ಕಿದ ಏಳೆಂಟು ಯೂನಿಟ್ಟುಗಳಲ್ಲಿ ಸುರುಳಿ ಸುಟ್ಟಿರದದ್ದು ಎರಡು. ಅದರಲ್ಲಿ ಒಂದರ ತಡೆ ನಮ್ಮ ಮೀಟರಿಗೆ ಸರಿಹೋಯಿತು, ಆದರೆ ತೋಳು ಗೇಣುದ್ದ ಹೆಚ್ಚು. ಟ್ಯಾಂಕಿನೊಳಗೆ ಎಣ್ಣೆ ಕುಲುಕದಂತೆ ನಡುವೆ ತಡೆತಗಡು ಇರುತ್ತದಲ್ಲ, ಫ್ಲೋಟು ಹೋಗಿ ಅದಕ್ಕೆ ಸಿಕ್ಕಿಕೊಂಡಿತು. ತೋಳು ಕತ್ತರಿಸಿ, ಸೈಕಲ್ ಚಕ್ರದ ಕಡ್ಡಿ ಬೆಸೆದು ಹೊಸ ತೋಳು ಮಾಡಿದೆ. ಫ್ಲೋಟನ್ನು ಬಕೆಟ್ಟಿನ ಡೀಸೆಲ್ಲಿನಲ್ಲಿ ಬಿಟ್ಟರೆ ಮುಳುಗಿತು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗುಳುಗುಳು. ಬಿಸಿನೀರಿನಲ್ಲಿ ಅದ್ದಿ, ಗುಳ್ಳೆ ಬರುವ ಜಾಗ ಹುಡುಕಿ, ಎಣ್ಣೆ ಬಸಿದು ಬೆಸುಗೆ ಹಾಕಿದೆ. ಬೆಸುಗೆ ಭಾರವಾಗಿ ಒಂದು ಪಕ್ಕಕ್ಕೆ ವಾಲಿತು. ಅರದಲ್ಲಿ ಉಜ್ಜಿ ಉಜ್ಜಿ ಹಗುರ ಮಾಡಿದೆ. ನನ್ನ ಹೆಂಡತಿ ಊಟಕ್ಕೆ ಕರೆಯಲು ಬಂದವಳು ನೋಡಿ, "ಮಗಳ ಮೂಗ್‌ಬಟ್ಟಿಗೂ ಇಷ್ಟ್ ನಾಜೂಕು ಮಾಡ್ನಿಲ್ಲ ನೀವು" ಎಂದು ಹಂಗಿಸಿ ಹೋದಳು.

ಇನ್ನು ಉಳಿದದ್ದು ಹೊಂದಾಣಿಕೆ. ಎಣ್ಣೆ ಎಷ್ಟಿದ್ದಾಗ ಮುಳ್ಳು ಎಲ್ಲಿರಬೇಕು ಎಂದು ನೋಡಿ ತೋಳನ್ನು ಅಷ್ಟಷ್ಟೇ ಬಗ್ಗಿಸುವುದು. ಟ್ಯಾಂಕು ಪೂರ್ತಿ ಬಸಿದು, ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಒಂದೊಂದೇ ಕ್ಯಾನು ಸುರಿದು ಗುರುತು ಮಾಡಿಕೊಳ್ಳಬೇಕು. ಅದು ಸರಿಯಾದ ಕ್ರಮ. ನಾನು ಯಜಮಾನರಿಗೆ ಹಾಗೆಂದೇ ಹೇಳಿದೆ. ಅವರು ನಕ್ಕು, ಲಾರಿಯ ಮುಂದಿನ ಗಾಜಿನ ಮೇಲೆ, ದೇವರ ಪಟದ ಪಕ್ಕ ಸಿಕ್ಕಿಸಿದ್ದ ಬಿದಿರು ಕಡ್ಡಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಆ ಕಡ್ಡಿಯ ಕಥೆ ಹರವೆಗೆಲ್ಲ ಗೊತ್ತು. ಲಾರಿ ಕೊಂಡ ದಿನ ಯಜಮಾನರೇ ಕೂತು, ಖಾಲಿ ಟ್ಯಾಂಕಿಗೆ ಒಂದೊಂದು ಕ್ಯಾನು ಸುರಿಸಿ, ಪ್ರತಿ ಕ್ಯಾನಿಗೂ ಕಡ್ಡಿ ಅದ್ದಿ, ಒದ್ದೆಯಾದ ಜಾಗಕ್ಕೆ ಚಾಕುವಿನಲ್ಲಿ ಕಚ್ಚು ಹಾಕಿದ್ದರು. ಎಂಟು ಕ್ಯಾನು, ಎಂಟು ಕಚ್ಚು. ಆಯುಧಪೂಜೆಯ ದಿನ ಸ್ಟಿಯರಿಂಗಿಗೆ, ಸ್ಪ್ಯಾನರಿಗೆ ಹಚ್ಚುವಂತೆ ಆ ಕಡ್ಡಿಗೂ ವಿಭೂತಿ ಎಳೆದು ಹೂವಿಡುತ್ತಿದ್ದರು. ಮನೆಯಲ್ಲಿ ಪೀಪಾಯಿಯಲ್ಲಿ ಡೀಸೆಲ್ ಇರುತ್ತಿತ್ತು, ಟ್ರ್ಯಾಕ್ಟರಿಗೂ ಪಂಪಿಗೂ ಲಾರಿಗೂ ಅದೇ. ಲಾರಿ ಬಂದಾಗ ಕಡ್ಡಿ ಅದ್ದಿ ನೋಡುವುದು, ಹೊರಡುವಾಗ ಲೀಟರು ಎಣಿಸದೆ ಎಂಟನೇ ಕಚ್ಚಿನವರೆಗೆ ಪೈಪಿನಲ್ಲಿ ತುಂಬುವುದು, ಇದು ಆ ಮನೆಯ ಪದ್ಧತಿ. ಕೇರಳಕ್ಕೆ ಹೋಗಿ ಬಂದರೆ ನಾಲ್ಕು ಕಚ್ಚು ಇಳಿಯಬೇಕು. ವರ್ಷಗಟ್ಟಲೆ ನಾಲ್ಕೇ ಇಳಿದಿತ್ತು.

"ಎತ್ರ ಒಂದೇ ತಾನೆ? ಇದ್ಕೆ ತಾಳೆ ಮಾಡ್ಬುಡು, ಸಾಕು," ಎಂದರು.

ನನಗೂ ಸಾಕು ಅನ್ನಿಸಿತು. ನಾಲ್ಕು ದಿನದ ಬೇಸರ, ಜೊತೆಗೆ ಕಡ್ಡಿಗೆ ಎದುರು ಹೇಳಿದರೆ ಯಜಮಾನರಿಗೇ ಎದುರು ಹೇಳಿದ ಹಾಗೆ. ಕಡ್ಡಿಯ ತಳಕ್ಕೆ ಸರಿಯಾಗಿ ಮುಳ್ಳು ಸೊನ್ನೆಗೆ, ನಾಲ್ಕನೇ ಕಚ್ಚಿಗೆ ಅರ್ಧಕ್ಕೆ, ಎಂಟನೆಯದಕ್ಕೆ ಫುಲ್‌ಗೆ ಬರುವಂತೆ ತೋಳು ಬಗ್ಗಿಸಿದೆ. ಸಂಜೆಯ ಹೊತ್ತಿಗೆ ಕಡ್ಡಿ ಏನು ಹೇಳುತ್ತದೋ ಮುಳ್ಳೂ ಅದನ್ನೇ ಹೇಳುತ್ತಿತ್ತು. ಡ್ರೈವರು ಬಗ್ಗಿ ನೋಡಿ, "ಭಲೇ ಕಣಪ್ಪ ಮೇಸ್ತ್ರಿ!" ಎಂದು ನನ್ನ ಬೆನ್ನು ತಟ್ಟಿದ. ನಾನು ಬೀಗಿದೆ. ದುಂಡು ಪಾತ್ರೆಗೂ ಚೌಕದ ಡಬ್ಬಕ್ಕೂ ಹಿಡಿತದಲ್ಲಿ ವ್ಯತ್ಯಾಸ ಇದೆಯೆಂದು ನನ್ನ ಹೆಂಡತಿಗೆ ಗೊತ್ತಿತ್ತು, ಕೇಳಿದ್ದರೆ ಹೇಳುತ್ತಿದ್ದಳು. ಕೇಳುವ ಬುದ್ಧಿ ನನಗೆ ಬರಲಿಲ್ಲ.

ಮೂರು ವಾರ ಕಳೆದಿರಬಹುದು. ಯಜಮಾನರು, ಡ್ರೈವರು, ಕ್ಲೀನರು ಮೂವರೂ ಬಂದರು. ಯಜಮಾನರ ಮುಖ ಗಂಟಿಕ್ಕಿತ್ತು.

"ಪ್ರತಿ ಟ್ರಿಪ್ಪಿಗೂ ಐದ್ ಕಚ್ಚು ಇಳೀತಾ ಅದೆ. ನಾಕು ಇಳೀಬೇಕು. ಒಂದ್ ಕ್ಯಾನು ಎತ್ತಗೋಯ್ತದೆ ಅಂತ ನೋಡು."

ನಾನು ನೋಡಿದೆ. ಟ್ಯಾಂಕಿನ ಕೆಳಗೆ ಮಲಗಿ ಒಂದೊಂದು ಸೇರುವೆಯನ್ನೂ ಬೆರಳಲ್ಲಿ ಸವರಿದೆ, ಸೋರಿಕೆ ಇಲ್ಲ. ಪೈಪು, ಫಿಲ್ಟರು, ಪಂಪು ಎಲ್ಲ ಒಣಗಿವೆ. ಎಂಜಿನ್ ಕಪ್ಪು ಹೊಗೆ ಬಿಡುತ್ತಿಲ್ಲ. ಯೂನಿಟ್ಟು ಬಿಚ್ಚಿ ನೋಡಿದೆ, ತೋಳು ಬಗ್ಗಿಸಿದ ಹಾಗೇ ಇದೆ. ಡ್ರೈವರು ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, "ಈ ಟ್ಯಾಂಕು ಬಂದ್ಮೇಲೇ ಇಂಗಾಗ್ತಿರದು ಮೇಸ್ತ್ರಿ, ಇದ್ರಲ್ಲೇ ಏನೋ ಅದೆ, ಇನ್ನೊಂದ್ಸಲ ನೋಡು" ಅನ್ನುತ್ತಲೇ ಇದ್ದ. ಮೂರು ಸಲ ಹೇಳಿದ. ಮೂರನೇ ಸಲ ನನಗೆ ರೇಗಿತು. ನಾನು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುತ್ತಾನಲ್ಲ ಇವನು ಅಂತ.

"ತತ್ತಾ ಒಂದು ಕ್ಯಾನು" ಎಂದೆ.

ಟ್ಯಾಂಕು ಆಗ ಹೆಚ್ಚುಕಡಿಮೆ ಅರ್ಧ ಇತ್ತು. ಕಡ್ಡಿ ಅದ್ದಿ ಎಲ್ಲರಿಗೂ ತೋರಿಸಿದೆ, ನಾಲ್ಕನೇ ಕಚ್ಚು. ಇಪ್ಪತ್ತು ಲೀಟರ್ ಸುರಿದು ಮತ್ತೆ ಅದ್ದಿದೆ, ಐದನೇ ಕಚ್ಚು. ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಒಳಗೆ ಮುಳ್ಳೂ ಅಷ್ಟೇ ಏರಿತ್ತು.

"ಕಣ್ಣಲ್ಲಿ ನೋಡುದ್ರಲ್ಲ? ಕಡ್ಡಿ ಸರಿಯಾಗದೆ, ಮೀಟ್ರು ಸರಿಯಾಗದೆ."

"ಅಂಗಾರೆ ಯಾರೋ ತಗೀತಾವ್ರೆ ಅಂತಲಾ?" ಎಂದ ಡ್ರೈವರು.

"ಮತ್ತಿನ್ನೇನು, ಎಣ್ಣೆಗೆ ರೆಕ್ಕೆ ಬತ್ತದಾ?" ಎಂದುಬಿಟ್ಟೆ.

ಆ ಮಾತಿಗೆ ಯಜಮಾನರು ಹ್ಞೂಂಗುಟ್ಟಿದರು. ಡ್ರೈವರು ತಿರುಗಿ ತನ್ನ ಬಾಮೈದನ ಕಡೆ ನೋಡಿದ. ಕ್ಲೀನರು ಆ ಹೊತ್ತಿನಲ್ಲಿ ಟೈರಿಗೆ ಗಾಳಿ ಇದೆಯೋ ಇಲ್ಲವೋ ಎಂದು ಸುತ್ತಿಗೆಯಲ್ಲಿ ಬಡಿದು ನೋಡುತ್ತಿದ್ದ. ಡ್ರೈವರನ ಆ ನೋಟವನ್ನು ನಾನು ಕಂಡೆ, ಆದರೆ ನನಗೇನೂ ಹೊಳೆಯಲಿಲ್ಲ. ನನ್ನ ಕೆಲಸ ಗೆದ್ದಿತು ಅನ್ನುವುದೊಂದೇ ತಲೆಯಲ್ಲಿತ್ತು.

ಅದಾದ ಮೇಲಿನ ಟ್ರಿಪ್ಪಿಗೂ ಐದೇ ಕಚ್ಚು. ಯಜಮಾನರು ನನಗೆ ಹೇಳಿಕಳಿಸಿದರು. ಹರವೆಗೆ ಹೋದಾಗ ಮಧ್ಯಾಹ್ನ. ಮಾದಪ್ಪನ ಗುಡಿಯ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು. ಡ್ರೈವರನ ಬೀದಿಯವರು ಗುಡಿಯೊಳಕ್ಕೆ ಹೋಗುತ್ತಿರಲಿಲ್ಲ, ಹಾಗಾಗಿ ಮೆಟ್ಟಿಲ ಕೆಳಗೇ ವೀಳ್ಯದೆಲೆ ಹಾಸಿ ಕರ್ಪೂರ ಇಟ್ಟಿದ್ದರು. ಕ್ಲೀನರು ಕಾಣಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ, "ಊರ್ಗೋದ" ಎಂದ ಡ್ರೈವರು, ನನ್ನ ಮುಖ ನೋಡದೆ.

ಯಜಮಾನರು ಮೊದಲು ನನ್ನನ್ನು ಕೇಳಿದರು. ಮೀಟರು ಸರಿಯಾಗಿದೆಯೇ? ಸರಿಯಾಗಿದೆ. ಕಡ್ಡಿಗೂ ಮೀಟರಿಗೂ ತಾಳೆ ಇದೆಯೇ? ಇದೆ. ಕ್ಯಾನು ಸುರಿದು ನೋಡಿದ್ದು ನಿಜವೇ? ನಿಜ. ನನಗೆ ತಿಳಿದ ಮಟ್ಟಿಗೆ ನಾನು ಹೇಳಿದ ಒಂದು ಮಾತೂ ಸುಳ್ಳಲ್ಲ. ಇವತ್ತಿಗೂ ಅದೇ ನನ್ನನ್ನು ಹೆಚ್ಚು ಸುಡುವುದು.

"ನಾನ್ ತಗ್ದಿಲ್ಲ ಬುದ್ಧಿ," ಎಂದ ಡ್ರೈವರು. "ಮಾದಪ್ಪನಾಣೆಗೂ ತಗ್ದಿಲ್ಲ."

"ಅಷ್ಟ್ ಸಾಲ್ದು. ನಾನೂ ತಗ್ದಿಲ್ಲ, ತಗ್ದೋರು ಯಾರು ಅಂತ ನಂಗ್ ಗೊತ್ತೂ ಇಲ್ಲ ಅಂತ ಯೇಳಿ ಕರ್ಪೂರ ಆರ್ಸು. ಆಗ ನಾನೇ ನಿನ್ ಕಾಲ್ ಇಡ್ಕತೀನಿ."

ಕರ್ಪೂರ ಹಚ್ಚಿದರು. ಅಂಗೈಯಿಂದ ಅದನ್ನು ಒತ್ತಿ ಆರಿಸಬೇಕು. ಡ್ರೈವರು ಕೈ ಮುಂದೆ ಮಾಡಿದ. ಬೆಂಕಿಯ ಮೇಲೆ ಗೇಣು ಎತ್ತರದಲ್ಲಿ ಕೈ ನಿಂತುಬಿಟ್ಟಿತು. ಕರ್ಪೂರ ತಾನೇ ಉರಿದು ತಾನೇ ಆರಿತು. ಅವನು ಕೈ ಹಿಂದಕ್ಕೆ ತೆಗೆದು ಪಂಚೆಗೆ ಒರೆಸಿಕೊಂಡ.

"ತಿಳೀತಲ್ಲ?" ಎಂದರು ಯಜಮಾನರು ಜನರ ಕಡೆ ತಿರುಗಿ. ಎಲ್ಲರಿಗೂ ತಿಳಿಯಿತು, ನನಗೂ ತಿಳಿಯಿತು. ಕಳ್ಳನಲ್ಲದಿದ್ದರೆ ಆಣೆ ಮಾಡಲು ಯಾಕೆ ಹೆದರಬೇಕು? ಸೈಕಲ್ ಹತ್ತಿ ಬರುವಾಗ ನಾನು ಅವನನ್ನು ಬೈದುಕೊಂಡೇ ಬಂದೆ. ಥೂ, ಬೆನ್ನು ತಟ್ಟಿ ಭಲೇ ಅಂದ ಕೈಯಲ್ಲೇ ಕದಿಯುತ್ತಿದ್ದನಲ್ಲ ಅಂತ.

ಲಾರಿಯವರ ಲೋಕ ಬಲು ಚಿಕ್ಕದು. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಬೆಳಿಗ್ಗೆ ಆಡಿದ್ದು ಮಧ್ಯಾಹ್ನಕ್ಕೆ ಚಾಮರಾಜನಗರದ ಟೀ ಅಂಗಡಿಯಲ್ಲಿ. 'ಎಣ್ಣೆ ಕಳ್ಳ' ಅನ್ನುವ ಹೆಸರು ಬಿದ್ದ ಮೇಲೆ ಅವನಿಗೆ ಯಾರೂ ಸ್ಟಿಯರಿಂಗ್ ಕೊಡಲಿಲ್ಲ. ಮೂರು ಕಡೆ ಕೇಳಿದನಂತೆ, ಮೂರು ಕಡೆಯೂ ಇಲ್ಲ ಅಂದರಂತೆ. ಆಮೇಲೆ ಊರು ಬಿಟ್ಟು ಹೆಂಡತಿಯ ತವರೂರು ಪುಣಜನೂರಿಗೆ ಹೋದ, ಕರಿಕಲ್ಲು ಕ್ವಾರಿಯಲ್ಲಿ ಕಲ್ಲು ಹೊರುತ್ತಿದ್ದಾನೆ ಎಂದು ಕೇಳಿದೆ. ಕೇಳಿ ಸುಮ್ಮನಾದೆ.

ಹರವೆಯ ಲಾರಿಯನ್ನು ಯಜಮಾನರ ಸ್ವಂತ ತಮ್ಮ ಓಡಿಸತೊಡಗಿದ. ಎರಡು ತಿಂಗಳ ನಂತರ ಯಜಮಾನರು ಒಬ್ಬರೇ ಗಾಡಿಯೊಡನೆ ಬಂದರು. ದನಿ ತಗ್ಗಿತ್ತು. ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿ ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದು ಆಮೇಲೆ ಬಾಯಿ ಬಿಟ್ಟರು.

"ಈಗ್ಲೂ ಐದೇ ಕಚ್ಚು ಕಣ್ಲಾ."

ಅವರ ತಮ್ಮ ಕುಡಿಯುವವನಲ್ಲ, ಜೂಜಾಡುವವನಲ್ಲ, ತನ್ನದೇ ಮನೆಯ ಎಣ್ಣೆ ಕದ್ದು ಮಾರುವ ಗತಿ ಅವನಿಗೇನು? ನಾನು ಟ್ಯಾಂಕಿನ ತಳದ ಬಿರಡೆ ಬಿಚ್ಚಿದೆ. ಕೊನೆಯ ತೊಟ್ಟಿನವರೆಗೂ ಬಸಿದೆ. ಆವತ್ತೇ ಮಾಡಬೇಕಾಗಿದ್ದ ಕೆಲಸ. ನಂತರ ಇಪ್ಪತ್ತು ಲೀಟರಿನ ಮೊದಲ ಕ್ಯಾನು ಸುರಿದು ಕಡ್ಡಿ ಇಳಿಸಿದೆ.

ಒಂದನೇ ಕಚ್ಚಿನವರೆಗೆ ಒದ್ದೆಯಾಗಬೇಕಿತ್ತು. ಎರಡನೇ ಕಚ್ಚಿನ ಹತ್ತಿರಕ್ಕೆ ಬಂದಿತ್ತು.

ಕಡ್ಡಿ ಒರೆಸಿ ಮತ್ತೆ ಇಳಿಸಿದೆ. ಅದೇ. ಎರಡನೇ ಕ್ಯಾನಿಗೆ ಮೂರನೇ ಕಚ್ಚಿನ ಹತ್ತಿರ. ಮೂರನೆಯದಕ್ಕೆ ನಾಲ್ಕರ ಹತ್ತಿರ. ಅಲ್ಲಿಂದ ಮುಂದೆ ಒಂದು ಕ್ಯಾನಿಗೆ ಒಂದೇ ಕಚ್ಚು, ಅಂದು ನಾನು ಎಲ್ಲರ ಮುಂದೆ ಸುರಿದು ತೋರಿಸಿದ ಹಾಗೆಯೇ. ಆರನೇ ಕ್ಯಾನಿಗೆ ಏಳು ಕಚ್ಚು ದಾಟಿತು. ಏಳನೇ ಕ್ಯಾನಿನಲ್ಲಿ ಕಾಲು ಭಾಗ ಸುರಿಯುವಷ್ಟರಲ್ಲಿ ಎಣ್ಣೆ ಬಾಯಿಗೆ ಬಂದು ನನ್ನ ಕೈಮೇಲೆ ಉಕ್ಕಿತು. ಎಂಟು ಕ್ಯಾನು ಹಿಡಿಯಬೇಕಾದ ಟ್ಯಾಂಕು ಆರೂಕಾಲು ಕ್ಯಾನಿಗೇ ತುಂಬಿತ್ತು.

ದುಂಡು ಟ್ಯಾಂಕು ನಡುವಿನಲ್ಲಿ ಅಗಲ, ತಳದಲ್ಲೂ ನೆತ್ತಿಯಲ್ಲೂ ಕಿರಿದು. ನಡುವಿನಲ್ಲಿ ಒಂದು ಕಚ್ಚಿಗೆ ಒಂದು ಕ್ಯಾನು, ಮೇಲೆ ಕೆಳಗೆ ಅರ್ಧ ಕ್ಯಾನಿಗೇ ಒಂದು ಕಚ್ಚು. ತುಂಬಿದ ಟ್ಯಾಂಕಿನಿಂದ ನಾಲ್ಕು ಕ್ಯಾನು ಉರಿದರೆ ಕಡ್ಡಿಯ ಮೇಲೆ ಐದು ಕಚ್ಚು ಇಳಿಯುತ್ತದೆ. ಲಾರಿ ಮೊದಲು ಎಷ್ಟು ಕುಡಿಯುತ್ತಿತ್ತೋ ಈಗಲೂ ಅಷ್ಟೇ ಕುಡಿಯುತ್ತಿತ್ತು. ಕಡ್ಡಿ ಹಳೆಯ ಟ್ಯಾಂಕಿನ ಲೆಕ್ಕ ಹೇಳುತ್ತಿತ್ತು, ನಾನು ಮೀಟರಿಗೂ ಅದನ್ನೇ ಹೇಳಲು ಕಲಿಸಿದ್ದೆ. ಎರಡೂ ಒಂದೇ ಮಾತು ಆಡಿದಾಗ ಅದನ್ನು ಸಾಕ್ಷಿ ಅಂದುಕೊಂಡೆವು. ಪಕ್ಕದ ಟೈರಿನ ಮೇಲೆ ಕೂತುಬಿಟ್ಟೆ.

ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ದಡ್ಡರಲ್ಲ, ಅರ್ಧ ಹೇಳುವಷ್ಟರಲ್ಲೇ ಅರ್ಥವಾಯಿತು. ಕಡ್ಡಿಯನ್ನು ತೆಗೆದುಕೊಂಡು ಎಂಟು ಕಚ್ಚನ್ನೂ ಉಗುರಲ್ಲಿ ಸವರಿದರು.

"ಆಯ್ತು ಬುಡು. ಇದಕ್ಕೆ ಬೇರೆ ಕಡ್ಡಿ ಮಾಡ್ಕೊಡು. ಮೀಟ್ರೂ ಸರಿ ಮಾಡು."

"ಡ್ರೈವರ ಸಮಾಚಾರ ಯಜಮಾನ್ರೆ? ಊರೋರ್ನ ಕರ್ಸಿ, ಅದೇ ಗುಡಿ ಮುಂದೆ ಒಂದ್ ಮಾತು..."

"ಏನಂತ ಯೇಳನ?" ಎಂದರು. ಕೋಪವಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು ಆ ದನಿಯಲ್ಲಿ. "ದೇವ್ರು ಸುಳ್ಳಾದ ಅಂತ ಯೇಳನಾ? ಆಣೆ ಮಾಡು ಅಂದ್ರೆ ಮಾಡ್ನಿಲ್ವಲ್ಲ ಅವ್ನು. ತಪ್ಪಿಲ್ದಿದ್ರೆ ಯಾಕ್ ಮಾಡ್ನಿಲ್ಲ? ಅದ ಕೇಳು ಮೊದ್ಲು. ಓಗಿರದ ಕೆದುಕ್ಬೇಡ ಕಣ್ಲಾ, ನಿನ್ ಅಂಗ್ಡಿಗೂ ಒಳ್ಳೇದಲ್ಲ."

ಹೊಸ ಕಡ್ಡಿ ಮಾಡಿಕೊಟ್ಟೆ, ಮೀಟರು ಸರಿ ಮಾಡಿದೆ, ಗಾಡಿ ಹೋಯಿತು. ಎಂಟು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನಿಜ. ಅಂಗಡಿ ನಡೆಯುತ್ತದೆ. ಹೇಳಿದರೆ ನಾಳೆಯಿಂದ ಯಾವ ಗಾಡಿಯವನು ತಾನೇ ನನ್ನ ಮೀಟರನ್ನು ನಂಬುತ್ತಾನೆ? ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆಯಲು ಬಂದವನು ಬೀಗಕ್ಕೆ ಕೈ ಹಾಕಲಾಗದೆ ನಿಂತೆ. ಹಾಳಾಗಿ ಹೋಗಲಿ ಅಂಗಡಿ ಎಂದು ಸತ್ಯಮಂಗಲದ ಬಸ್ಸು ಹತ್ತಿದೆ.

ಪುಣಜನೂರಿನಲ್ಲಿ ಇಳಿದು ಕ್ವಾರಿಯ ದಾರಿ ಹಿಡಿದೆ. ಊಟದ ಹೊತ್ತು. ಡ್ರೈವರು ಒಂದು ಬಂಡೆಯ ನೆರಳಲ್ಲಿ ಮುದ್ದೆ ಮುಗಿಸಿ ಕೈ ತೊಳೆಯುತ್ತಿದ್ದ. ಮೈಯೆಲ್ಲ ಕಲ್ಲಿನ ಧೂಳು. ಸ್ಟಿಯರಿಂಗ್ ಹಿಡಿಯುತ್ತಿದ್ದ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದ. ನನ್ನನ್ನು ನೋಡಿ ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂದುಕೊಂಡಿದ್ದೆ. "ಬಾ ಮೇಸ್ತ್ರಿ, ಕೂತ್ಕ" ಎಂದ.

ನಿಂತೇ ಎಲ್ಲ ಹೇಳಿದೆ. ಕಚ್ಚು, ಕ್ಯಾನು, ದುಂಡು, ಚೌಕ. ಹೇಳಿ ಮುಗಿಸಿ, "ನಿನ್ ತಪ್ಪೇನೂ ಇಲ್ಲ ಕಣಣ್ಣ, ಎಲ್ಲಾ ನಂದೇ. ಎಲ್ಲಿ ಬೇಕಾರೂ ಬಂದು ಯೇಳ್ತೀನಿ. ಮಂಡೀಲಿ ಯೇಳ್ತೀನಿ, ಗುಡಿ ಮುಂದೆ ಯೇಳ್ತೀನಿ" ಎಂದೆ. ಅವನ ಮುಖ ಅರಳುತ್ತದೆ ಎಂದು ಕಾದೆ. ಅಷ್ಟು ದೂರ ನಾನು ಬಂದದ್ದೇ ಅದನ್ನು ನೋಡಲು.

ಅವನ ಮುಖದಲ್ಲಿ ಇದ್ದಬದ್ದ ಬಣ್ಣವೂ ಇಳಿಯಿತು.

"ಅಂಗಾರೆ ಅವ್ನು ತಗ್ದಿರ್ನಿಲ್ವಾ?" ಎಂದ.

"ಯಾರು?"

"ನಮ್ ಬಾಮೈದ."

ಆಗ ಹೇಳಿದ. ನನ್ನ ಅಂಗಡಿಯಲ್ಲಿ ಕ್ಯಾನು ಸುರಿದು ತೋರಿಸಿದ ದಿನದಿಂದ ಅವನಿಗೆ ಬಾಮೈದನ ಮೇಲೆ ಗುಮಾನಿ ಬಂದಿತ್ತು. ಗಾಡಿಯಲ್ಲಿರುವವರು ಇಬ್ಬರು. ತಾನು ತೆಗೆದಿಲ್ಲ. ಮೇಸ್ತ್ರಿ ಮೀಟರು ಸರಿ ಅಂದಿದ್ದಾನೆ, ಕಡ್ಡಿ ಸರಿ ಅಂದಿದ್ದಾನೆ. ಇನ್ಯಾರು ಉಳಿದರು? ಮುಂದಿನ ಟ್ರಿಪ್ಪಿನಲ್ಲೂ ಐದು ಕಚ್ಚು ಇಳಿದಾಗ ಸುಮ್ಮನಿರಲಾಗಲಿಲ್ಲ. ಬಾಮೈದನನ್ನು ಹಿಡಿದುಕೊಂಡು ಕೇಳಿದ, ಜ್ಯಾಕಿ ರಾಡಿನಲ್ಲಿ ಹೊಡೆದೂ ಕೇಳಿದ. ಮೊದಲೇ ಮಾತಾಡದ ಮನುಷ್ಯ, "ಇಲ್ಲ ಬಾವ, ಇಲ್ಲ ಬಾವ" ಅಂದನಂತೆ ಅಷ್ಟೇ. ಕಣ್ಣಿಗೆ ಕಾಣಿಸಿಕೊಳ್ಳಬೇಡ ಎಂದು ಅಟ್ಟಿಬಿಟ್ಟ. ಮಾರನೇ ದಿನವೇ ಕರ್ಪೂರ.

"ತಗ್ದೋರ್ಯಾರು ಅಂತ ಗೊತ್ತಿಲ್ಲ ಅಂತ ಮಾದಪ್ಪನ ಮುಂದೆ ಎಂಗನ್ನನ ಮೇಸ್ತ್ರಿ? ನಂಗ್ ಗೊತ್ತದೆ ಅಂತ್ಲೇ ಅನ್ಕಂಡಿದ್ದೆ. ಸುಳ್ಳು ಆಣೆ ಮಾಡಕಾಗ್ನಿಲ್ಲ, ಅವನ ಹೆಸ್ರು ಯೇಳಕೂ ಆಗ್ನಿಲ್ಲ. ನನ್ ಮೇಲೇ ಬರ್ಲಿ ಅಂತ ಕೈ ತಗ್ದೆ."

ಬಾಮೈದ ಎಲ್ಲಿದ್ದಾನೆ ಎಂದು ಕೇಳಿದೆ. ಗುಂಡ್ಲುಪೇಟೆಯಲ್ಲಿ ಯಾವುದೋ ಕೇರಳದ ಲಾರಿ ಹತ್ತಿದ್ದನ್ನು ಒಬ್ಬರು ನೋಡಿದ್ದರಂತೆ. ಅಲ್ಲಿಂದ ಈಚೆಗೆ ಸುದ್ದಿಯಿಲ್ಲ. ಡ್ರೈವರು ಎದ್ದ. ಎರಡು ಹೆಜ್ಜೆ ಹೋಗಿ ಮತ್ತೆ ಕೂತ. ಎದೆಗೆ ಗುದ್ದಿಕೊಂಡು ಅತ್ತ. ಸುತ್ತ ಊಟಕ್ಕೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವನಿಗೆ ಬಿಡುಗಡೆ ತಂದಿದ್ದೇನೆ ಎಂದುಕೊಂಡು ಬಂದವನು ನಾನು. ಆ ಕಲ್ಲುಗಳಲ್ಲಿ ಒಂದು ನನ್ನ ತಲೆಯ ಮೇಲೆ ಬೀಳಬಾರದೆ ಅನ್ನಿಸಿತು.

"ನನ್ನೆಂಡ್ರಿಗೆ ನೀನೇ ಯೇಳು," ಎಂದ ಕಡೆಗೆ. "ನನ್ ಬಾಯಲ್ಲಿ ಬರಾಕಿಲ್ಲ."

ಮನೆ ಊರ ತುದಿಯಲ್ಲಿತ್ತು. ಅವನು ಬೇಲಿಯ ಹತ್ತಿರವೇ ನಿಂತುಬಿಟ್ಟ, ನಾನೊಬ್ಬನೇ ಒಳಗೆ ಹೋದೆ. ಅವನ ಹೆಂಡತಿ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಯಾರೆಂದು ಹೇಳಿ, ಎರಡನೇ ಸಲ ಅದೇ ಕಥೆ ಹೇಳಿದೆ. ಕಚ್ಚು, ಕ್ಯಾನು ಯಾವುದೂ ಅವಳಿಗೆ ಬೇಕಿರಲಿಲ್ಲ. ಬೀಜ ತೆಗೆಯುತ್ತಲೇ ಕೇಳಿದಳು.

"ಎಷ್ಟು ಎಣ್ಣೆ ಓಗಿತ್ತು ಅಂತೀಯಪ್ಪ ಈಗ?"

"ಒಂದ್ ತೊಟ್ಟೂ ಓಗಿರ್ನಿಲ್ಲ ಕಣಕ್ಕ."

"ಮೀಟ್ರು ಸರಿಯಾಗದೆ ಅಂದೋರ್ಯಾರು ಮತ್ತೆ?"

"ನಾನೇ."

ಅವಳ ಕೈ ನಿಂತಿತು.

"ಏಟು ತಿಂದ್ ದಿನ ನನ್ ತಮ್ಮ ಅರವೆ ಊರ್ನಲ್ಲಿ ನಮ್ಮನೆ ಬಾಗ್ಲಿಗೆ ಬಂದಿದ್ದ," ಎಂದಳು. "ಕೆನ್ನೆ ಬಾತ್ಕಂಡಿತ್ತು, ತುಟಿ ಒಡ್ದಿತ್ತು. 'ಅಕ್ಕ, ಒಂಚೂರು ನೀರ್ ಕೊಡಕ್ಕ' ಅಂದ. ಕಳ್ಳಂಗೆ ನಮ್ಮನೇಲಿ ನೀರಿಲ್ಲ ಅಂದ್ಬುಟ್ಟು ಕದ ಆಕ್ಕಂಡೆ. ವಸಿ ವೊತ್ತು ಅಲ್ಲೇ ನಿಂತಿದ್ದ ಕಣಪ್ಪ. ಸಂದಿಂದ ನೋಡ್ತಾನೇ ಇದ್ದೆ, ತಗೀನಿಲ್ಲ."

ಅವಳು ಎದ್ದು ಒಳಗೆ ಹೋದಳು. ಅಳಲು ಹೋದಳು ಅಂದುಕೊಂಡೆ. ಆದರೆ ಮನೆಗೆ ಬಂದವನೆಂದು ನನಗೆ ಒಂದು ಚೆಂಬು ನೀರು ತಂದು ಮುಂದೆ ಇಟ್ಟಳು. ಅವಳು ನೋಡುತ್ತಾ ನಿಂತಳು, ನಾನು ಕುಡಿದೆ.